ನಲವತ್ತೊಂದನೇ ನಂಬರಿನ ಇಕ್ಕಳ

ಬಿಸ್ಕತ್ತಿನ ಡಬ್ಬ ಕಾಣೆಯಾಗಿರುವುದು ಸೀಲಪ್ಪನವರ ಗಮನಕ್ಕೆ ಬಂದದ್ದು ಶನಿವಾರ ಬೆಳಿಗ್ಗೆ ಏಳೂಕಾಲಿಗೆ. ಹಲ್ಲುಜ್ಜುವ ಬ್ರಷ್ಷು ಇನ್ನೂ ಬಾಯಲ್ಲಿತ್ತು. ಅಡುಗೆಮನೆಯ ಅಟ್ಟದ ಮೇಲೆ, ಡಬ್ಬ ಇರಬೇಕಾದ ಜಾಗದಲ್ಲಿ, ಡಬ್ಬದಷ್ಟೇ ಅಗಲದ ದುಂಡನೆಯ ಗುರುತು ಧೂಳಿಲ್ಲದೆ ಫಳಫಳ ಹೊಳೆಯುತ್ತಿತ್ತು. ಅವರು ಬ್ರಷ್ಷನ್ನು ಬಾಯಿಂದ ತೆಗೆಯದೆ ಆ ಗುರುತಿನ ಅಳತೆ ತೆಗೆದುಕೊಂಡರು.

ಸೀಲಪ್ಪ ಅಂದರೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಅವರದು ಸೀಲು ಹಾಕುವ ಕೆಲಸ. ಅಂಗಡಿಯ ತಕ್ಕಡಿ ಸರಿಯಾಗಿದೆಯೋ ಇಲ್ಲವೋ ನೋಡಬೇಕು, ಸರಿಯಾಗಿದ್ದರೆ ಅದರ ತಿರುಪಿನ ಕಣ್ಣಿಗೆ ತಂತಿ ಪೋಣಿಸಿ, ತಂತಿಗೆ ಸೀಸದ ಮಣಿ ಹಾಕಿ, ಇಕ್ಕಳದಿಂದ ಕಚಕ್ಕೆಂದು ಒತ್ತಬೇಕು. ಇಕ್ಕಳದ ದವಡೆಯಲ್ಲಿ ಕೊರೆದ ಅಂಕಿ ಮಣಿಯ ಮೇಲೆ ಮೂಡುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಅಂಕಿ. ಸೀಲಪ್ಪನವರದು ನಲವತ್ತೊಂದು. ಹಾಕಿದ ಸೀಲನ್ನು ಒಡೆಯಬೇಕಾದರೆ ಇಬ್ಬರು ಸಾಕ್ಷಿಗಳು ಬೇಕು, ಮಹಜರು ಬರೆಯಬೇಕು, ವಸ್ತುವಿನ ಮಾಲೀಕರು ಒಪ್ಪಿ ಸಹಿ ಹಾಕಬೇಕು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವರು ಈ ನಿಯಮವನ್ನು ಒಂದು ಸಲವೂ ಮೀರಿದವರಲ್ಲ.

ಇಷ್ಟು ಹೇಳಿದರೆ ಅವರನ್ನು ಒಳ್ಳೆಯ ನೌಕರ ಎಂದು ಎಲ್ಲರೂ ಒಪ್ಪುತ್ತಾರೆ. ಆದರೆ ಮನುಷ್ಯನಿಗೆ ಅನುಮಾನ ಎಂಬುದೊಂದು ಇದೆಯಲ್ಲ, ಅದು ಕಚೇರಿ ಮುಚ್ಚಿದ ಮೇಲೆ ಇಕ್ಕಳದ ಜೊತೆ ಚೀಲದಲ್ಲಿ ಕೂತು ಮನೆಗೂ ಬರುತ್ತಿತ್ತು. ಎರಕದಲ್ಲಿ ಸೊಟ್ಟಗಾದ ಸೀಸದ ಮಣಿಗಳನ್ನು ವಾಪಸು ಕೊಟ್ಟು ಕರಗಿಸಬೇಕೆಂದು ಇಲಾಖೆಯ ಆದೇಶ. ಸೀಲಪ್ಪನವರು ಅವನ್ನು ಜೇಬಿಗೆ ಹಾಕಿಕೊಂಡು ಬಂದು ಮನೆಯಲ್ಲಿ ಕೈಗೆ ಸಿಕ್ಕಿದ್ದಕ್ಕೆಲ್ಲ ಒತ್ತಿಬಿಟ್ಟಿದ್ದರು. ಗೋಡೆ ಗಡಿಯಾರವನ್ನು ಯಾರೋ ಹತ್ತು ನಿಮಿಷ ಮುಂದೆ ತಿರುಗಿಸಿದ್ದರು, ಅದರ ಗಾಜಿನ ಬಾಗಿಲಿಗೆ ಸೀಲು ಬಿತ್ತು. ಟ್ರಂಕಿನೊಳಗಿನ ಮದುವೆ ಕೋಟು ಯಾಕೋ ಸಡಿಲವಾಗಿ ಮಡಚಿದಂತೆ ಕಂಡಿತ್ತು, ಟ್ರಂಕಿಗೂ ಬಿತ್ತು. ಭಾಮೈದ ಬಂದು ಹೋದ ಮರುದಿನವೇ ಬಿಸ್ಕತ್ತಿನ ಡಬ್ಬಕ್ಕೆ ಬಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಎದುರುಮನೆ ಟೈಲರಮ್ಮನನ್ನೂ ಭಾಮೈದನನ್ನೂ ಸಾಕ್ಷಿಗೆ ಕೂರಿಸಿ, ಹೆಂಡತಿಯಿಂದ ಮಾಲೀಕರ ಸಹಿ ಪಡೆದು, ಸೀಲು ಒಡೆದು, ಬಿಸ್ಕತ್ತು ಎಣಿಸಿ, ತಲೆಗೆ ಎರಡರಂತೆ ಹಂಚಿ ಮತ್ತೆ ಒತ್ತುತ್ತಿದ್ದರು. ಹನ್ನೊಂದು ವರ್ಷದಲ್ಲಿ ಎಣಿಕೆ ಒಂದು ಸಲವೂ ತಪ್ಪಿರಲಿಲ್ಲ. ಈ ವಿಷಯ ಹೇಳುವಾಗ ಸೀಲಪ್ಪನವರ ಎದೆ ಎರಡಂಗುಲ ಉಬ್ಬುತ್ತಿತ್ತು.

ಈಗ ನೋಡಿದರೆ ಡಬ್ಬವೇ ಮಾಯ!

ತನಿಖೆ ಆಗಲೇ ಶುರುವಾಯಿತು. ಇಲಾಖೆಯ ಪದ್ಧತಿಯ ಪ್ರಕಾರ ಮೊದಲು ಅಕ್ಕಪಕ್ಕದವರನ್ನು ಕೇಳಬೇಕು, ಮಾಲೀಕರನ್ನು ಕಟ್ಟಕಡೆಗೆ. ಹಾಗಾಗಿ ಒಲೆಯ ಮುಂದೆ ನಿಂತು ಚಹಾ ಸೋಸುತ್ತಿದ್ದ ಹೆಂಡತಿಯನ್ನು ದಾಟಿಕೊಂಡು ಅವರು ನೇರವಾಗಿ ಎದುರುಮನೆಗೆ ಹೋದರು.

"ನಿನ್ನೆ ಸಂಜೆ ಐದರಿಂದ ಏಳರವರೆಗೆ ಎಲ್ಲಿದ್ರಿ?" ಎಂದು ಬಾಗಿಲಲ್ಲೇ ಕೇಳಿದರು.

ಟೈಲರಮ್ಮ ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿದ್ದಳು. ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿ, "ಇಲ್ಲೇ, ಈ ಮಿಷನ್ ಮುಂದೇನೇ. ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದೀನಿ. ಯಾಕೆ, ನಿಮ್ಮ ಪ್ಯಾಂಟಿನ ಹೊಲಿಗೆ ಬಿಟ್ಟಿದೆಯಾ?" ಅಂದಳು.

"ಮಾತು ಬದಲಾಯಿಸ್ತಿದ್ದೀರಿ."

"ಪ್ಯಾಂಟು ಬದಲಾಯಿಸಿ ಸ್ವಾಮಿ ಮೊದಲು, ಪೈಜಾಮದಲ್ಲಿ ಬೀದಿಗೆ ಬಂದಿದ್ದೀರಿ."

ಭಾಮೈದ ಬಸ್ ಡಿಪೋದಲ್ಲಿ ಟೈರು ರಿಪೇರಿ ಮಾಡುವವನು. ಅವನ ವಿಚಾರಣೆ ಡಿಪೋದಲ್ಲೇ, ಬಿಚ್ಚಿಟ್ಟ ಬಸ್ಸಿನ ಚಕ್ರದ ಪಕ್ಕದಲ್ಲಿ ನಡೆಯಿತು.

"ನಿನ್ನ ಕಾಲರಿನ ಮೇಲೆ ಅದೇನು ಪುಡಿ? ಬಿಸ್ಕತ್ತಿಂದಲ್ವಾ?"

"ಭಾವ, ಅದು ತಲೆಹೊಟ್ಟು."

"ಎಲ್ಲಾ ಕಳ್ಳರೂ ಹೀಗೇ ಹೇಳೋದು."

"ಎಲ್ಲಾ ಕಳ್ಳರಿಗೂ ತಲೆಹೊಟ್ಟು ಇರುತ್ತಾ ಭಾವ?" ಎಂದು ಭಾಮೈದ ನಿಜವಾಗಿಯೂ ಆಶ್ಚರ್ಯದಿಂದ ಕೇಳಿದ.

ಸೋಮವಾರ ಗೋಡೆ ಗಡಿಯಾರ ಕಾಣೆಯಾಯಿತು. ಮೊಳೆ ಮಾತ್ರ ಉಳಿದಿತ್ತು. ಬುಧವಾರ ಟ್ರಂಕು. ಅಷ್ಟು ದೊಡ್ಡ ಟ್ರಂಕು! ಸೀಲಪ್ಪನವರು ಊಟ ಬಿಟ್ಟರು, ಬಾಗಿಲ ಚಿಲಕಕ್ಕೆ ದಾರ ಕಟ್ಟಿದರು, ನೆಲಕ್ಕೆ ಪೌಡರ್ ಎರಚಿ ಹೆಜ್ಜೆ ಗುರುತು ಹುಡುಕಿದರು. ಪೌಡರಿನಲ್ಲಿ ಸಿಕ್ಕಿದ್ದು ಅವರದೇ ಹೆಜ್ಜೆಗಳು. ಅವನ್ನೂ ಅವರು ಸ್ವಲ್ಪ ಹೊತ್ತು ಅನುಮಾನದಿಂದಲೇ ನೋಡಿದರು. ಹೆಂಡತಿ ಪೊರಕೆ ತಂದು ಗುಡಿಸಿದಳು. ವಿಚಾರಣೆಯಲ್ಲಿ ಆಕೆಯ ಸರದಿ ಇನ್ನೂ ಬಂದಿರಲಿಲ್ಲ.

ಶುಕ್ರವಾರ ಆಕೆಯ ಕೈಚೀಲದಲ್ಲಿ ಕೈಗೆ ಕಟ್ಟಿಕೊಳ್ಳುವ ಒಂದು ಹಳದಿ ಬಟ್ಟೆಯ ಪಟ್ಟಿ ಸಿಕ್ಕಿತು. 'ವಾರ್ಷಿಕ ಸಮಕಾಲೀನ ಕಲಾ ಮೇಳ, ಸಾರ್ವಜನಿಕ ಕಾರ್ಯಕ್ರಮ' ಎಂದು ಅದರ ಮೇಲೆ ಅಚ್ಚಾಗಿತ್ತು. ಸೀಲಪ್ಪನವರು ಪಟ್ಟಿಯ ಎರಡೂ ಬದಿ ತಿರುವಿ ನೋಡಿದರು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಹೆಂಗಸು! ಕಲೆಯ ಸುದ್ದಿ ಒಂದು ದಿನ ಎತ್ತಿದವಳಲ್ಲ.

ಶನಿವಾರ ಮಧ್ಯಾಹ್ನ ಮೂರೂವರೆಗೆ ಆಕೆ ಕೊಡೆ ಹಿಡಿದು ಹೊರಟಳು. ಸೀಲಪ್ಪನವರು ಪತ್ರಿಕೆ ಅಡ್ಡ ಹಿಡಿದುಕೊಂಡು ಹಿಂದೆಯೇ ನಡೆದರು. ಒಂದು ದೀಪದ ಕಂಬಕ್ಕೂ ನಿಲ್ಲಿಸಿದ್ದ ಒಂದು ಸೈಕಲ್ಲಿಗೂ ಢಿಕ್ಕಿ ಹೊಡೆದದ್ದು ಬಿಟ್ಟರೆ ಹಿಂಬಾಲಿಸುವ ಕೆಲಸ ಸೊಗಸಾಗಿಯೇ ನಡೆಯಿತು. ತಿರುವಿನಲ್ಲಿ ಟೈಲರಮ್ಮ ಬಂದು ಸೇರಿಕೊಂಡಳು. ಅಂಚೆ ಕಚೇರಿಯ ಮುಂದೆ ಭಾಮೈದ! ಅದೂ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು. ಮೂವರೂ ನಗುತ್ತ ಹಳೆಯ ಗೋದಾಮಿನ ದೊಡ್ಡ ಗೇಟಿನೊಳಗೆ ಹೋದರು. ಗೇಟಿನ ಮೇಲೆ ಕಲಾ ಮೇಳದ ಬಣ್ಣದ ಬಟ್ಟೆ ಹಾರಾಡುತ್ತಿತ್ತು.

ಹಿಂದೆಯೇ ನುಗ್ಗಿದ ಸೀಲಪ್ಪನವರನ್ನು ಕುತ್ತಿಗೆಗೆ ಬಿಲ್ಲೆ ಹಾಕಿಕೊಂಡ ಒಬ್ಬ ಹುಡುಗಿ ತಡೆದಳು. "ಸಾರ್, ಮಾರ್ಗದರ್ಶನದ ನಡಿಗೆಗೆ ಬಂದವರಾ? ಬನ್ನಿ ಬನ್ನಿ, ಒಬ್ಬರು ಕಡಿಮೆ ಇದ್ರು." ಇಲ್ಲ ಅಂದರೆ ಹೊರಗೆ ಹಾಕುತ್ತಾರೇನೋ ಎಂಬ ಭಯಕ್ಕೆ ಅವರು ಹೂಂ ಅಂದರು. ಹೀಗೆ ಎಂಟು ಜನರ ಗುಂಪಿಗೆ ಒಂಬತ್ತನೆಯವರಾದರು. ಗುಂಪಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ನೋಟ್ ಪುಸ್ತಕ ಬಿಡಿಸಿಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದರು.

ಮೊದಲ ಕೋಣೆಯಲ್ಲಿ ನೂರಾರು ತಲೆದಿಂಬುಗಳನ್ನು ಚಾವಣಿಯವರೆಗೆ ಒಟ್ಟಿದ್ದರು.

"ಇದನ್ನ ನೋಡಿದ್ರೆ ನಿಮಗೇನು ಅನ್ನಿಸುತ್ತೆ?" ಎಂದು ಮಾರ್ಗದರ್ಶಿ ಹುಡುಗಿ ನೇರವಾಗಿ ಸೀಲಪ್ಪನವರನ್ನೇ ಕೇಳಿದಳು.

"ಅನುಮಾನ," ಅಂದರು ಅವರು. ದಿಂಬುಗಳ ಹಿಂದೆ ಟ್ರಂಕು ಇದ್ದರೂ ಇರಬಹುದೆಂದು ಬಗ್ಗಿ ನೋಡುತ್ತಿದ್ದರು.

"ಅನುಮಾನ!" ಹುಡುಗಿ ಕಣ್ಣರಳಿಸಿದಳು. "ಎಂಟು ದಿನದಲ್ಲಿ ಯಾರೂ ಇದನ್ನ ಹೇಳಿರ್ಲಿಲ್ಲ."

ಮೇಷ್ಟ್ರು ಬರೆದುಕೊಂಡರು. ಎರಡನೆಯ ಕೋಣೆಯಲ್ಲಿ ಬರೀ ಬಿಳಿ ಗೋಡೆ, ಮೂರನೆಯದರಲ್ಲಿ ತೊಟ್ಟಿಕ್ಕುವ ನಲ್ಲಿ. ಸೀಲಪ್ಪನವರು ಎರಡಕ್ಕೂ ಅನುಮಾನ ಎಂದೇ ಉತ್ತರ ಕೊಟ್ಟರು. ಅಷ್ಟು ಹೊತ್ತಿಗೆ ಗುಂಪಿನವರೆಲ್ಲ ಕಲಾಕೃತಿ ಬಿಟ್ಟು ಅವರ ಮುಖವನ್ನೇ ನೋಡುವುದಕ್ಕೆ ಶುರು ಮಾಡಿದ್ದರು.

ನಾಲ್ಕನೆಯ ಕೋಣೆಯಲ್ಲಿ ತಕ್ಕಡಿ ಇತ್ತು. ಒಂದು ತಟ್ಟೆಯಲ್ಲಿ ದೊಡ್ಡ ಕಬ್ಬಿಣದ ಬೀಗ, ಇನ್ನೊಂದರಲ್ಲಿ ಒಂದೇ ಒಂದು ಹಕ್ಕಿಯ ಗರಿ. ಮುಳ್ಳು ಸಮ ನಿಂತಿತ್ತು.

ಸೀಲಪ್ಪನವರ ಮೈ ಉರಿದುಹೋಯಿತು. ಹೆಂಡತಿ, ಟ್ರಂಕು, ಡಬ್ಬ ಎಲ್ಲ ಮರೆತುಹೋಯಿತು. "ಮೋಸ! ಹಾಡುಹಗಲೇ ಮೋಸ! ತಕ್ಕಡಿಗೆ ಸೀಲೂ ಇಲ್ಲ!" ಎನ್ನುತ್ತ ಹಗ್ಗ ದಾಟಿದರು. ಗರಿಯ ತಟ್ಟೆಯ ಅಡಿಗೆ ಕೈ ಹಾಕಿ, ಅಲ್ಲಿ ಅಂಟಿಸಿದ್ದ ಸೀಸದ ಗಟ್ಟಿಯನ್ನು ಕಿತ್ತು ತೆಗೆದರು. ಬೀಗ ದಡಕ್ಕೆಂದು ಕೆಳಗೆ ಕೂತಿತು, ಗರಿ ಹಾರಿ ಮೇಷ್ಟ್ರ ತಲೆಯ ಮೇಲೆ ಇಳಿಯಿತು. ಸೀಲಪ್ಪನವರು ಜೇಬಿನಿಂದ ಇಕ್ಕಳ ತೆಗೆದು, ತಿರುಪು ಸರಿಮಾಡಿ, ತಂತಿ ಪೋಣಿಸಿ ಕಚಕ್ ಎನ್ನಿಸಿದರು. ಎಲ್ಲ ಸೇರಿ ಎರಡು ನಿಮಿಷವೂ ಹಿಡಿಯಲಿಲ್ಲ.

ಗುಂಪು ಚಪ್ಪಾಳೆ ತಟ್ಟಿತು. ಹುಡುಗಿ ಬಗ್ಗಿ ಮಣಿಯನ್ನು ನೋಡಿ ಕಿಟಾರನೆ ಕಿರುಚಿದಳು. "ನಲವತ್ತೊಂದು! ಅಯ್ಯೋ, ಇವರೇ ನಲವತ್ತೊಂದು! ಬನ್ನಿ, ಎಲ್ರೂ ಬನ್ನಿ!"

ಅವಳು ಅವರ ಕೈ ಹಿಡಿದು ಎಳೆದುಕೊಂಡು ಹೋದದ್ದು ದೊಡ್ಡ ಸಭಾಂಗಣಕ್ಕೆ. ಅಲ್ಲಿ ಬಿಳಿಯ ಕಟ್ಟೆಗಳ ಮೇಲೆ, ಒಂದೊಂದಕ್ಕೂ ಒಂದೊಂದು ದೀಪದಡಿಯಲ್ಲಿ, ಅವರ ಬಿಸ್ಕತ್ತಿನ ಡಬ್ಬ, ಅವರ ಗೋಡೆ ಗಡಿಯಾರ, ಅವರ ಟ್ರಂಕು ವಿರಾಜಮಾನವಾಗಿದ್ದವು. ಫಲಕದಲ್ಲಿ ಬರೆದಿತ್ತು: 'ನಲವತ್ತೊಂದು. ಒಂದು ಮನೆ, ಮುಚ್ಚಿದ ವಸ್ತುಗಳು.' ಗೋಡೆಯ ತುಂಬ ಚೀಟಿಗಳು. ಒಳಗೆ ಏನಿರಬಹುದೆಂದು ನೋಡಲು ಬಂದವರೆಲ್ಲ ಊಹಿಸಿ ಬರೆದು ಅಂಟಿಸಿದ್ದರು. 'ಪ್ರೇಮಪತ್ರ.' 'ಅಜ್ಜಿಯ ಧ್ವನಿ.' 'ಶೂನ್ಯ.' ಯಾವುದೋ ಮಗು ಸೊಟ್ಟ ಅಕ್ಷರದಲ್ಲಿ 'ಬಿಸ್ಕತ್ತು' ಎಂದು ಬರೆದಿತ್ತು. ಅದರ ಪಕ್ಕದಲ್ಲಿ ಯಾರೋ ದೊಡ್ಡವರು 'ಇಷ್ಟು ಸರಳವಲ್ಲ' ಎಂದು ತಿದ್ದಿದ್ದರು.

"ನಿಮ್ಮ ಮನೆಯಲ್ಲಿ ತೆಗೆಯೋಕಾಗದ ವಸ್ತು ಇದ್ರೆ ತನ್ನಿ ಅಂತ ಊರಿಗೆಲ್ಲ ಹೇಳಿದ್ವಿ ಸಾರ್," ಹುಡುಗಿ ಉಸಿರು ಕಟ್ಟಿಕೊಂಡು ಹೇಳಿದಳು. "ಬೇರೆಯವರು ಒಂದೊಂದು ತಂದ್ರು. ಒಬ್ರು ಅಮ್ಮ ಮಾತ್ರ ಮನೇನೇ ತಂದ್ರು! ಇವತ್ತು ಐದಕ್ಕೆ ಸಮಾರೋಪ. ಕಾನೂನು ಪ್ರಕಾರ ಒಡೀಬೇಕು ಅಂತ ತೂಕ-ಅಳತೆ ಇಲಾಖೆಗೆ ಪತ್ರ ಬರೆದಿದ್ವಿ. ದೊಡ್ಡ ಸಾಹೇಬರೇ ಬರ್ತಿದ್ದಾರೆ."

ಸೀಲಪ್ಪನವರು ಇಕ್ಕಳವನ್ನು ಬೆನ್ನ ಹಿಂದೆ ಮುಚ್ಚಿಕೊಂಡರು. ಇಲಾಖೆಯ ಮುದ್ರೆಯನ್ನು ಬಿಸ್ಕತ್ತಿನ ಡಬ್ಬಕ್ಕೆ ಒತ್ತುವುದೆಂದರೆ ಕೆಲಸ ಹೋದಂತೆಯೇ ಲೆಕ್ಕ. ಸಾಹೇಬರು ಭೂತಗನ್ನಡಿ ಇಟ್ಟುಕೊಂಡೇ ಓಡಾಡುವವರು. ನಲವತ್ತೊಂದು ಯಾರು ಎಂದು ಅವರಿಗೆ ಯಾರೂ ಹೇಳಬೇಕಾಗಿಲ್ಲ.

"ನಾನು ನಲವತ್ತೊಂದಲ್ಲಮ್ಮ. ನಾನು ಯಾರೂ ಅಲ್ಲ," ಅಂದರು ಸೀಲಪ್ಪನವರು.

"ಎಷ್ಟು ಚೆನ್ನಾಗಿ ಹೇಳಿದ್ರಿ ಸಾರ್!" ಎಂದು ಹುಡುಗಿ ಅದನ್ನು ಎಲ್ಲರಿಗೂ ತಿಳಿಸುವುದಕ್ಕೆ ಓಡಿದಳು.

ಗಂಟೆ ನಾಲ್ಕೂ ಇಪ್ಪತ್ತು. ಇನ್ನು ನಲವತ್ತು ನಿಮಿಷ. ಮೂರು ತಂತಿ ಕತ್ತರಿಸಿ ಮೂರು ಮಣಿ ಜೇಬಿಗೆ ಹಾಕಿಕೊಂಡರೆ ಮುಗಿಯಿತು, ಬದುಕಿಕೊಂಡ ಹಾಗೆ. ಸೀಲಪ್ಪನವರು ಸುತ್ತ ನೋಡಿ ಡಬ್ಬದ ಹತ್ತಿರ ಹೋಗಿ ಇಕ್ಕಳ ಎತ್ತಿದರು. ಇಕ್ಕಳವೇನೋ ಎದ್ದಿತು, ಕತ್ತರಿಸಲು ಕೈ ಒಪ್ಪಲಿಲ್ಲ. ಸಾಕ್ಷಿಗಳಿಲ್ಲದೆ ಸೀಲು ಒಡೆಯುವುದೇ? ಇಪ್ಪತ್ತಾರು ವರ್ಷ ನಿಯಮದಂತೆ ಬಾಳಿದ ಕೈ ಅದು.

"ಮೇಷ್ಟ್ರೇ, ಒಂಚೂರು ಸಾಕ್ಷಿ ಸಹಿ ಹಾಕ್ತೀರಾ?" ಎಂದು ಅವರು ಹಲ್ಲು ಕಿರಿದು ಕೇಳಿದರು. ಜೇಬಿನಲ್ಲಿ ಮಹಜರಿನ ಖಾಲಿ ಹಾಳೆ ಯಾವಾಗಲೂ ಇರುತ್ತಿತ್ತು.

ಮೇಷ್ಟ್ರಿಗೆ ಆನಂದವೋ ಆನಂದ. ಹೆಸರು, ವಿಳಾಸ, ವಯಸ್ಸು, ನಿವೃತ್ತಿಯಾದ ತಾರೀಖು ಎಲ್ಲ ದುಂಡಗೆ ಬರೆದರು. ಎರಡನೆಯ ಸಾಕ್ಷಿಗೆ ಪಕ್ಕದ ಹೆಂಗಸನ್ನು ಕರೆದರೆ ಅವಳ ಹಿಂದೆ ಅವಳ ಅಕ್ಕ ನಿಂತಳು. "ನಮಗಿಲ್ವಾ?" ಎಂದು ಇನ್ನೊಬ್ಬರು ಕೇಳಿದರು. ಇದೂ ಸಾರ್ವಜನಿಕ ಕಾರ್ಯಕ್ರಮವೇ ಎಂದು ಯಾರೋ ಹೇಳಿದರು, ಸಾಲು ನಿಂತೇಬಿಟ್ಟಿತು. "ಇಬ್ಬರೇ ಸಾಕು! ಇಬ್ಬರೇ!" ಎಂದು ಸೀಲಪ್ಪನವರು ಬೇಡಿಕೊಂಡರು. "ಯಾಕೆ, ನಾವು ಮನುಷ್ಯರಲ್ವಾ?" ಎಂದು ಸಾಲಿನ ಬಾಲದಿಂದ ಜಗಳ ಬಂತು. ಇಪ್ಪತ್ತೇಳನೆಯ ಸಾಕ್ಷಿ ಪೆನ್ನು ಒದರುತ್ತಿರುವಾಗ ಐದು ಗಂಟೆ ಹೊಡೆಯಿತು, ಸಾಹೇಬರು ಇಬ್ಬರು ಗುಮಾಸ್ತರೊಂದಿಗೆ ಒಳಗೆ ಬಂದರು.

ಸೀಲಪ್ಪನವರು ಮೇಷ್ಟ್ರ ಬೆನ್ನ ಹಿಂದೆ ಕುಕ್ಕರಗಾಲಿನಲ್ಲಿ ಕೂತರು.

ಸಾಹೇಬರು ಡಬ್ಬದ ಮುಂದೆ ಬಗ್ಗಿ ಭೂತಗನ್ನಡಿ ಹಿಡಿದರು. ಹುಬ್ಬು ಮೇಲೇರಿತು. ಗಡಿಯಾರ ನೋಡಿದರು, ಟ್ರಂಕು ನೋಡಿದರು. ಹುಬ್ಬು ಇಳಿಯಲೇ ಇಲ್ಲ.

"ಇದನ್ನ ತಂದವರು ಯಾರು?"

ಸೀಲಪ್ಪನವರ ಹೆಂಡತಿ ಮುಂದೆ ಬಂದಳು. ಪಕ್ಕದಲ್ಲಿ ಟೈಲರಮ್ಮ, ಇನ್ನೊಂದು ಪಕ್ಕದಲ್ಲಿ ಭಾಮೈದ.

"ಈ ಸೀಲು ಹಾಕಿದ್ದು ಯಾರಮ್ಮ? ಇದು ಸರ್ಕಾರದ ಮುದ್ರೆ. ಹಾಕಿದವನನ್ನ ನಾನು ಸುಮ್ನೆ ಬಿಡೋದಿಲ್ಲ. ಹೆಸರು ಹೇಳಿ."

ಆಕೆ ಒಮ್ಮೆ ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರ ಕಾಲ ಸಂದಿಯಿಂದ ಎರಡು ಕಣ್ಣು ಪಿಳಿಪಿಳಿ ಎನ್ನುತ್ತಿದ್ದವು. ಇವಳು ಹೇಳುತ್ತಾಳೆ ಎಂದು ಸೀಲಪ್ಪನವರಿಗೆ ಖಾತ್ರಿಯಾಗಿತ್ತು. ಭಾನುವಾರಕ್ಕೆ ಎರಡು ಬಿಸ್ಕತ್ತಿನಂತೆ ಹನ್ನೊಂದು ವರ್ಷ ತಿಂದವಳು ಹೇಳದೆ ಇರುತ್ತಾಳೆಯೇ?

"ಸೀಲಾ?" ಆಕೆ ಮೆಲ್ಲಗೆ ಕೇಳಿದಳು. "ಸೀಲು ಅಂದ್ರೆ ಹಾಕಿದ ಮೇಲೆ ತೆಗೆಯೋಕೆ ಆಗಬಾರದು, ಅಲ್ವಾ ಸಾರ್?"

"ಹೌದು. ನಿಯಮದಲ್ಲೇ ಇದೆ."

"ಹಂಗಾದ್ರೆ ಇದು ಸೀಲಲ್ಲ, ನೋಡಿ." ಆಕೆ ಡಬ್ಬವನ್ನು ತಲೆಕೆಳಗು ಮಾಡಿದಳು. ಅಡಿಯ ತಗಡನ್ನು ಹೆಬ್ಬೆರಳಿನಿಂದ ಒತ್ತಿ ಕಾಲುಸುತ್ತು ತಿರುಗಿಸಿದಳು. ಅಡಿ ಟಕ್ಕೆಂದು ಬಿಚ್ಚಿಕೊಂಡಿತು. ಕೈ ಹಾಕಿ ಎರಡು ಬಿಸ್ಕತ್ತು ತೆಗೆದು ಸಾಹೇಬರಿಗೆ ಕೊಟ್ಟಳು. ಸೀಲು ಮೇಲೆ ಇದ್ದ ಹಾಗೇ ಇತ್ತು.

"ಹತ್ತು ವರ್ಷದ ಕೆಳಗೆ ನಾನೇ ಕೊಯ್ದು ಕೂರಿಸಿಕೊಟ್ಟೆ ಸಾರ್," ಭಾಮೈದ ನಾಚಿಕೊಂಡ. "ಟೈರಿಗಿಂತ ಸುಲಭ."

"ಎಣಿಕೆ?" ಎಂಬ ಕ್ಷೀಣ ಸ್ವರ ಎಲ್ಲಿಂದಲೋ ಬಂತು.

"ಶನಿವಾರ ಸಂಜೆ ಅಂಗಡಿಯಿಂದ ತಂದು ತುಂಬಿಸ್ತಿದ್ದೆ," ಹೆಂಡತಿ ಸಾಹೇಬರನ್ನೇ ನೋಡುತ್ತ ಹೇಳಿದಳು. "ಭಾನುವಾರ ಎಣಿಸೋರಿಗೆ ಬೇಜಾರಾಗಬಾರದಲ್ಲ."

ಗಡಿಯಾರದ ಹಿಂದಿನ ಹಲಗೆ ಜಾರಿಸಿದರೆ ಬಂದುಬಿಟ್ಟಿತು. ಟ್ರಂಕಿನ ಹಿಂಬದಿಯ ಕೀಲುಗಳಿಂದ ಟೈಲರಮ್ಮ ಎರಡು ಕಡ್ಡಿ ಎಳೆದಳು, ಮುಚ್ಚಳ ಹಿಂದಿನಿಂದ ಬಾಯಿ ತೆರೆಯಿತು. "ಒಳಗೆ ಒಂದು ಮದುವೆ ಕೋಟಿದೆ ಸಾರ್, ಒಳ್ಳೇ ಕಟಿಂಗು. ಗಿರಾಕಿಗಳು ಅರ್ಜೆಂಟಾಗಿ ಬಂದಾಗ ಬಾಡಿಗೆ ಕೊಡ್ತಿದ್ವಿ. ನಾಲ್ಕು ಮದುವೆ ನೋಡಿದೆ ಅದು."

"ನನ್ನ ಕೋಟಾ?!" ಎಂದು ಸೀಲಪ್ಪನವರು ಎದ್ದು ನಿಂತೇಬಿಟ್ಟರು.

ಸಾಹೇಬರು ತಿರುಗಿದರು. ಇಕ್ಕಳ ಸೀಲಪ್ಪನವರ ಕೈಯಲ್ಲೇ ಇತ್ತು. ಸಾಹೇಬರು ಇಕ್ಕಳವನ್ನೂ ಡಬ್ಬದ ಸೀಲನ್ನೂ ಸರದಿಯಂತೆ ನೋಡಿದರು. ಅಷ್ಟು ಹೊತ್ತಿನಲ್ಲಿ ಸಾಹೇಬರು ಏನು ಯೋಚಿಸಿದರೆಂದು ಹೇಳುತ್ತೇನೆ, ಕೇಳಿ. ಸೊಟ್ಟ ಮಣಿಗಳನ್ನೆಲ್ಲ ನನ್ನ ಕಣ್ಣೆದುರೇ ಕರಗಿಸಲಾಗಿದೆ ಎಂಬ ಪ್ರಮಾಣಪತ್ರಕ್ಕೆ ಅವರು ವರ್ಷಾವರ್ಷ ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದರು. ಸೀಲಪ್ಪ ಮುಳುಗಿದರೆ ಆ ಸಹಿಯೂ ಮುಳುಗುತ್ತದೆ.

"ನೀವು ಇಲ್ಲಿ ಏನು ಮಾಡ್ತಿದ್ದೀರಿ?"

"ಸಾರ್... ಅಲ್ಲೊಂದು ತಕ್ಕಡಿ... ಮೋಸದ್ದು... ಸರಿಮಾಡಿ ಸೀಲು ಹಾಕಿದೆ."

"ರಜಾ ದಿನವೂ ಕರ್ತವ್ಯ!" ಸಾಹೇಬರು ಗಟ್ಟಿಯಾಗಿ ಹೇಳಿ, ಗುಮಾಸ್ತನ ಕಡೆ ತಿರುಗಿದರು. "ಬರಕೊಳ್ಳಿ. ಸದರಿ ವಸ್ತುಗಳು ಸಲೀಸಾಗಿ ತೆರೆದುಕೊಂಡ ಕಾರಣ ಇವು ಸೀಲಲ್ಲ, ಅಲಂಕಾರ." ಆಮೇಲೆ ಸೀಲಪ್ಪನವರ ಕಿವಿಯ ಹತ್ತಿರ ಬಗ್ಗಿ, "ಇಕ್ಕಳ ಈಗಲೇ ನನ್ನ ಕೈಗೆ ಕೊಡಿ. ಇನ್ಮೇಲೆ ಅದು ಸಂಜೆಗೆ ಆಫೀಸಲ್ಲೇ ಇರಬೇಕು. ಮನೆಗೆ ತಗೊಂಡು ಹೋದ್ರೆ ಚರ್ಮ ಸುಲಿತೀನಿ," ಅಂದರು.

ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಅಲಂಕಾರ ಎಂದು ಬರೆದುಕೊಂಡರು.

ಹೊರಡುವಾಗ ಸಾಹೇಬರ ಕಣ್ಣು ಕಟ್ಟೆಯ ಮೂಲೆಯಲ್ಲಿದ್ದ ಇನ್ನೊಂದು ವಸ್ತುವಿನ ಮೇಲೆ ಬಿತ್ತು. ಅಂಗೈಯಗಲದ ಮರದ ಪೆಟ್ಟಿಗೆ, ಗುಂಡಿ ಸೂಜಿ ಹಾಕಿಡುವಂಥದ್ದು. ಅದಕ್ಕೂ ಸೀಲು. "ಇದು ಹೇಗೆ ತೆರೆಯುತ್ತೆ?"

"ಅದು ತೆರೆಯಲ್ಲ ಸಾರ್," ಹೆಂಡತಿ ಅದನ್ನು ಎತ್ತಿ ಕೈಚೀಲಕ್ಕೆ ಹಾಕಿಕೊಂಡಳು. "ಮಾಲೀಕರ ಒಪ್ಪಿಗೆ ಇಲ್ಲ."

"ಒಪ್ಪಿಗೆ ಇಲ್ಲದಿದ್ರೆ ಮುಟ್ಟೋ ಹಾಗಿಲ್ಲ," ಎಂದು ಸಾಹೇಬರು ಉಳಿದರ್ಧ ಬಿಸ್ಕತ್ತು ಬಾಯಿಗೆ ಹಾಕಿಕೊಂಡು ಹೋದರು.

ಆ ಪೆಟ್ಟಿಗೆಯನ್ನು ಸೀಲಪ್ಪನವರು ಜನ್ಮದಲ್ಲಿ ನೋಡಿರಲಿಲ್ಲ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಗಡಿಯಾರ ಮೊಳೆಗೇರಿತು, ಟ್ರಂಕು ಮಂಚದ ಕೆಳಗೆ ಹೋಯಿತು. ಮರದ ಪೆಟ್ಟಿಗೆ ಮಾತ್ರ ಊಟದ ಮೇಜಿನ ನಡುವೆ ಕೂತಿತ್ತು. ಸೀಲಪ್ಪನವರು ಅದನ್ನು ಎತ್ತಿ ನೋಡಿದರು, ಕಿವಿಯ ಹತ್ತಿರ ಅಲ್ಲಾಡಿಸಿದರು, ಅಡಿ ಒತ್ತಿದರು, ಹಿಂದೆ ಜಾರಿಸಿದರು, ಕೀಲು ಕೆರೆದರು. ಎಲ್ಲಿಂದಲೂ ತೆರೆಯಲಿಲ್ಲ. ಮಣಿಯ ಮೇಲೆ ನಲವತ್ತೊಂದು ಎಂದು ಸ್ಪಷ್ಟವಾಗಿತ್ತು. ಆದರೆ ತಂತಿಯನ್ನು ಬಲಕ್ಕೆ ಮೂರು ಸುತ್ತು ಹೊಸೆದಿದ್ದರು. ಅವರು ಯಾವತ್ತೂ ಎಡಕ್ಕೇ ಹೊಸೆಯುವುದು. ದಿಂಬಿನಡಿ ಇಟ್ಟುಕೊಂಡು ಮಲಗುತ್ತಿದ್ದ ಇಕ್ಕಳವನ್ನು ಎತ್ತಿಕೊಂಡು ಬೇರೊಂದು ಕೈ ಒತ್ತಿದ ಸೀಲು ಅದು. ಇಡೀ ಮನೆಯಲ್ಲಿ ಸೀಲಿನಂತೆ ನಡೆದುಕೊಂಡ ಸೀಲು ಅದೊಂದೇ.

ಟೈಲರಮ್ಮನ ಮನೆಗೆ ಹೋಗಿ ಕೇಳೋಣವೆಂದು ಅವರು ಎದ್ದು ಚಪ್ಪಲಿ ಹಾಕಿಕೊಂಡರು. ಬಾಗಿಲವರೆಗೆ ಹೋದರು. ಡಿಪೋಗೆ ಹೋಗೋಣವೇ ಎಂದು ನಿಂತರು. ಆಮೇಲೆ ಏನನ್ನಿಸಿತೋ, ಚಪ್ಪಲಿ ಬಿಟ್ಟು ಅಡುಗೆಮನೆಗೆ ಬಂದರು. ಹೆಂಡತಿ ಚಹಾ ಸೋಸುತ್ತಿದ್ದಳು.

"ನಿನ್ನನ್ನೇ ಕೇಳ್ತಿದ್ದೀನಿ," ಅಂದರು. "ಅದರಲ್ಲಿ ಏನಿದೆ?"

ಆಕೆ ಸೋಸುವುದನ್ನು ನಿಲ್ಲಿಸಿ ಅವರನ್ನು ನೋಡಿದಳು. ಮುಖದಲ್ಲಿ ನಗು ಬಂತು, ಕಣ್ಣಂಚು ಒದ್ದೆಯಾಯಿತು.

"ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು ನೋಡಿ, ಬೇರೆ ಯಾರನ್ನೂ ಕೇಳದೆ ಮೊದಲು ನನ್ನನ್ನ ಕೇಳಿದ್ದು."

"ಹೂಂ. ಏನಿದೆ?"

"ತುಂಬಾ ಖುಷಿಯಾಯ್ತು," ಅಂದಳು ಆಕೆ. ಡಬ್ಬವನ್ನು ತಲೆಕೆಳಗು ಮಾಡಿ, ಅಡಿ ತಿರುಗಿಸಿ, ಎರಡಲ್ಲ, ಮೂರು ಬಿಸ್ಕತ್ತು ತಟ್ಟೆಗೆ ಹಾಕಿ ಅವರ ಮುಂದೆ ಇಟ್ಟಳು. "ಆದ್ರೆ ಹೇಳಲ್ಲ."

ಸೀಲಪ್ಪನವರು ಚಹಾಕ್ಕೆ ಬಿಸ್ಕತ್ತು ಅದ್ದಿ ತಿಂದರು. ಮೂರನ್ನೂ ತಿಂದರು. ಕಣ್ಣು ಮಾತ್ರ ಪೆಟ್ಟಿಗೆಯ ಮೇಲಿಂದ ಕದಲಲಿಲ್ಲ.